17ನೇ ರೆಫರೆನ್ಸು

ಇವತ್ತು ಸಂಜೆ ನಮ್ಮ ಮೆಡಿಕಲ್ ಕಾಲೇಜಿನ ಲೈಬ್ರರಿಗೆ ಬೀಗ ಹಾಕೋ ಹೊತ್ತಿಗೆ ಫೈನಲ್ ಇಯರ್ ಪಿಜಿ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಓಡಿ ಬಂದಳು. ಕೊರಳಲ್ಲಿ ಸ್ಟೆತೊ ಹಂಗೇ ಇದೆ, ಕಣ್ಣಲ್ಲಿ ನೀರು. "ಸರ್, ಮತ್ತೆ ವಾಪಸ್ ಕಳ್ಸಿದಾರೆ ಸರ್."

ಜಗಳೂರು ಕಡೆಯ ಹಳ್ಳಿ ಸುತ್ತಿ, ಬಸುರಿಯರ ರಕ್ತಹೀನತೆ ಬಗ್ಗೆ ಮಾಡಿದ ಅಧ್ಯಯನ ಅದು, ವೈದ್ಯಕೀಯ ಜರ್ನಲ್ಲೊಂದಕ್ಕೆ ಲೇಖನ ಮಾಡಿ ಕಳಿಸಿದ್ದಳು. ಅಧ್ಯಯನದಲ್ಲಿ ಏನಾದ್ರೂ ತಪ್ಪು ಹುಡುಕಿದಾರಾ ಅಂತ ನೋಡಿದೆ. ಇಲ್ಲ, ಓದಿ ಪರಿಶೀಲಿಸುವ ತಜ್ಞರ ಕೈಗೇ ಅದು ಹೋಗಿಲ್ಲ. ಬಾಗಿಲಲ್ಲೇ ತಡೆದು ಕಳಿಸಿದ್ದಾರೆ. ರೆಫರೆನ್ಸುಗಳು, ಅಂದರೆ ಲೇಖನದ ಕೊನೆಯಲ್ಲಿ ನಂಬರು ಹಾಕಿ ಕೊಡೋ ಆಧಾರಗಳು, ನಮ್ಮ ಶೈಲಿಯಲ್ಲಿಲ್ಲ, ಸರಿಪಡಿಸಿ ಅಂತ ಒಂದು ಸಾಲು, ಕೆಳಗೆ ಹಳದಿ ಬಳಿದ ಪಟ್ಟಿ. 5ನೆಯದರಲ್ಲಿ 'ಎಟ್ ಆಲ್' (ಮತ್ತಿತರರು) ಹಿಂದೆ ಆರು ಲೇಖಕರ ಹೆಸರು ಬೇಕಿತ್ತು, ಮೂರೇ ಇವೆ. 11ರಲ್ಲಿ ಜರ್ನಲ್ ಹೆಸರನ್ನು ಪೂರ್ತಿ ಬರೆದಿದ್ದೀರಿ, ಮೊಟಕು ಮಾಡಿ. 17ರಲ್ಲಿ ಸಂಪುಟಕ್ಕೂ ಪುಟಕ್ಕೂ ನಡುವಿನ ಕೋಲನ್ ಆದಮೇಲೆ ಒಂದು ಸ್ಪೇಸ್ ಬಿಟ್ಟಿದ್ದೀರಿ.

ಒಂದು ಸ್ಪೇಸ್ ಅಂತೆ! ಡಬಲ್ ಶಿಫ್ಟ್ ಮುಗಿಸಿ ಬಂದ ಹುಡುಗಿಗೆ.

ಇದು ಮೂರನೇ ಜರ್ನಲ್ಲು. ಮೊದಲನೆಯವರಿಗೆ ನಂಬರು ಚೌಕ ಬ್ರ್ಯಾಕೆಟ್ಟಿನಲ್ಲಿ ಬೇಕಿತ್ತು. ಎರಡನೆಯವರಿಗೆ ನಂಬರು ಪುಟ್ಟದಾಗಿ ಸಾಲಿನ ಮೇಲೆ ಹತ್ತಿ ಕೂರಬೇಕು, ಅದೂ ಫುಲ್‌ಸ್ಟಾಪ್ ಆದ ಮೇಲೆ. ಇವರಿಗೆ ಫುಲ್‌ಸ್ಟಾಪಿಗಿಂತ ಮೊದಲು. ಪುಟಸಂಖ್ಯೆ ಒಬ್ಬರಿಗೆ 123-8, ಇನ್ನೊಬ್ಬರಿಗೆ 123-128. ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೊಂಕು ತೆಗೆಯೋದಿಲ್ಲ ಕಣ್ರೀ.

ತಮಾಷೆ ಏನು ಗೊತ್ತಾ? ಈ ಕಾಟ ತಪ್ಪಿಸೋಕೆ ಅಂತಲೇ 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸಭೆ ಸೇರಿದ್ದರು. ಟೈಪ್‌ರೈಟರ್ ಕಾಲ. ಒಂದು ಜರ್ನಲ್ ಬೇಡ ಅಂದರೆ ಇನ್ನೊಂದಕ್ಕೆ ಕಳಿಸೋಕೆ ಪೂರ್ತಿ ಲೇಖನ ಮತ್ತೆ ಕುಟ್ಟಬೇಕಾಗಿತ್ತು. ಎಲ್ಲರಿಗೂ ಒಂದೇ ಪದ್ಧತಿ ಇರಲಿ ಅಂತ ನಿಯಮ ಮಾಡಿ 1979ರಲ್ಲಿ ಪ್ರಕಟಿಸಿದರು. 'ವ್ಯಾಂಕೂವರ್ ಸ್ಟೈಲ್' ಅಂತ ನಾವು ಜಪ ಮಾಡೋದು ಅದನ್ನೇ. ಈಗ ಪ್ರತಿ ಜರ್ನಲ್ಲೂ "ನಮ್ಮದು ವ್ಯಾಂಕೂವರ್ರೇ, ಆದರೆ..." ಅಂತ ಶುರು ಮಾಡುತ್ತೆ. ಆ 'ಆದರೆ'ಯಲ್ಲೇ ನಮ್ಮ ಪಿಜಿಗಳ ರಾತ್ರಿ ನಿದ್ದೆ ಹೋಗೋದು.

ಜರ್ನಲ್ ಹೆಸರು ಮೊಟಕು ಮಾಡೋ ಅಭ್ಯಾಸದ ಕಥೆಯೂ ಅಷ್ಟೇ. 1879ರಲ್ಲಿ ಶುರುವಾದ ಇಂಡೆಕ್ಸ್ ಮೆಡಿಕಸ್ ಅನ್ನೋದು ವೈದ್ಯಕೀಯ ಲೇಖನಗಳ ದಪ್ಪ ಸೂಚಿ, ಕಾಗದ ಉಳಿಸೋದು ಅದಕ್ಕೆ ಅನಿವಾರ್ಯ. ಅದರ ಮುದ್ರಣ 2004ಕ್ಕೇ ನಿಂತಿದೆ. ಕಾಗದವೇ ಇಲ್ಲದ ಪಿಡಿಎಫ್‌ನಲ್ಲಿ ಇನ್ನೂ ಯಾವ ಜಾಗ ಉಳಿಸ್ತಿದ್ದೀವಿ?

"ಸಾರ್, ರೆಫರೆನ್ಸು ಜೋಡಿಸೋಕೆ ಜೊಟೆರೊ ಸಾಫ್ಟ್‌ವೇರ್ ಇದೆಯಲ್ಲ, ಒಂದು ಕ್ಲಿಕ್ ಸಾಕು" ಅಂತ ಕಾಮೆಂಟ್ ಹಾಕೋಕೆ ಕೈ ತುರಿಸ್ತಿರೋರು ಸ್ವಲ್ಪ ತಡೀರಿ. ಜೊಟೆರೊ 2006ರಿಂದ ಪುಕ್ಕಟೆ ಸಿಗುತ್ತೆ ಅಂತ ವರ್ಷಾವರ್ಷ ಹೊಸ ಬ್ಯಾಚಿಗೆ ಹೇಳಿಕೊಡೋನು ನಾನೇ. ಕೇಳಿಸಿಕೊಂಡು ತಲೆ ಆಡಿಸ್ತಾರೆ, ಆಮೇಲೆ ಕೈಯಲ್ಲೇ ಟೈಪ್ ಮಾಡ್ತಾರೆ. ಮಾಡಿಸಿದರೂ ಅದಕ್ಕೆ ನಮ್ಮ ಹೆಸರುಗಳ ಗತಿ ಗೊತ್ತಿಲ್ಲ. ನಮಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಊರು, ಅಪ್ಪನ ಹೆಸರು, ಕೊನೆಗೋ ಮೊದಲಿಗೋ ನಮ್ಮ ಹೆಸರು. ಇದೇ ಹುಡುಗಿಯ ಹಿಂದಿನ ಕೇಸ್ ರಿಪೋರ್ಟ್ ಅಪ್ಪನ ಹೆಸರಲ್ಲಿ ಅಚ್ಚಾಗಿದೆ, ಇವಳು ಬರೀ ಒಂದು ಇನಿಷಿಯಲ್ಲು. ಚನ್ನಗಿರಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿರೋ ಆ ಯಜಮಾನರು ತಮಗೇ ಗೊತ್ತಿಲ್ಲದೆ ವೈದ್ಯಕೀಯ ಲೇಖಕರಾಗಿ ಕೂತಿದ್ದಾರೆ.

ಶಿಸ್ತು ಬೇಡವಾ ಅಂತೀರಿ. ಬೇಕು ಮಾರಾಯ್ರೇ. ಪುಸ್ತಕ ಕಾಯೋನಿಗೆ ಶಿಸ್ತು ಬೇಡ ಅಂದರೆ ಆದೀತಾ? ಸಂಪುಟ, ಪುಟ ಸರಿ ಇದ್ದರೇ ತಾನೆ ಕಪಾಟಿನಿಂದ ತೆಗೆದುಕೊಡೋಕಾಗೋದು. ಆದರೆ ಇವರು ಅಳೀತಿರೋದು ಚೀಲದ ಹೊಲಿಗೆಯನ್ನ, ಒಳಗಿರೋದು ಅಕ್ಕಿಯೋ ಕಲ್ಲೋ ಅಂತ ಯಾರೂ ಬಿಚ್ಚಿ ನೋಡ್ತಿಲ್ಲ.

ಬಿಚ್ಚಿ ನೋಡಿದ್ದು ನಾನು. 17ರ ಸ್ಪೇಸ್ ಅಳಿಸೋ ಮೊದಲು, ಹಾಳು ಚಟ, ಮೂಲ ಲೇಖನ ತೆರೆದೆ. ಇವಳ ವಾಕ್ಯ ಹೇಳ್ತಿರೋದು ಹಳ್ಳಿಯ ಬಸುರಿಯರ ಬಗ್ಗೆ. ಆ ಲೇಖನ ಇರೋದು ಶಾಲೆಗೆ ಹೋಗೋ ಹದಿಹರೆಯದ ಹುಡುಗಿಯರ ಬಗ್ಗೆ. ಒಬ್ಬಳೂ ಬಸುರಿ ಇಲ್ಲ.

"ಇದನ್ನ ಓದಿದೀಯೇನಮ್ಮ?"

ಮೌನ. ಆಮೇಲೆ, "ಬೇರೆ ಪೇಪರ್‌ನಲ್ಲಿ ಹಿಂಗೇ ಹಾಕಿದ್ರು ಸರ್, ಅಲ್ಲಿಂದ ತಗೊಂಡೆ."

ಆ ಬೇರೆ ಪೇಪರಿನವರೂ ಎಲ್ಲಿಂದ ಎತ್ತಿದರೋ. ಹೊಸ ಕಾಯಿಲೆ ಅಲ್ಲ ಇದು. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯದ ಒಂದು ಪತ್ರ ಬಂತು. ಆಸ್ಪತ್ರೆಗೆ ಸೇರಿದ್ದಾಗ ಮಾದಕ ನೋವುನಿವಾರಕ ತಗೊಂಡ 11,882 ರೋಗಿಗಳಲ್ಲಿ ಚಟ ಹತ್ತಿದ್ದು ಸ್ಪಷ್ಟವಾಗಿ ಕಂಡದ್ದು 4 ಜನರಲ್ಲಿ ಮಾತ್ರ, ಅಷ್ಟೇ ಅದರ ಸಾರ. 2017ರಲ್ಲಿ ಅದೇ ಜರ್ನಲ್‌ನಲ್ಲಿ ಲೆಕ್ಕ ಹಾಕಿ ನೋಡಿದರು. ಆ ಪತ್ರವನ್ನು 608 ಕಡೆ ಉಲ್ಲೇಖಿಸಿದ್ದಾರೆ. ಶೇ. 72ರಷ್ಟು ಕಡೆ ಈ ಮಾತ್ರೆಗಳಿಂದ ಚಟ ಹತ್ತೋದು ಅಪರೂಪ ಅನ್ನೋದಕ್ಕೆ ಅದೇ ಸಾಕ್ಷಿ. ಅವರೆಲ್ಲ ಆಸ್ಪತ್ರೆಯೊಳಗಿದ್ದ ರೋಗಿಗಳು ಅನ್ನೋ ಮಾತನ್ನ ಶೇ. 80ರಷ್ಟು ಕಡೆ ನುಂಗಿಬಿಟ್ಟಿದ್ದಾರೆ. ಅಮೆರಿಕದಲ್ಲಿ ಆ ಮಾತ್ರೆಗಳು ಎಷ್ಟು ಮನೆ ಹಾಳು ಮಾಡಿದವು ಅಂತ ನಿಮಗೆ ಗೊತ್ತಿದೆ. ಆ ಪತ್ರದ ರೆಫರೆನ್ಸು ಸಂಪುಟ 302, ಪುಟ 123. ಕೋಲನ್ ಆದಮೇಲೆ ಸ್ಪೇಸ್ ಖಂಡಿತ ಇದ್ದಿರಲಿಕ್ಕಿಲ್ಲ.

ಹುಡುಗಿಗೆ ಬೈಯೋಕೆ ಬಾಯಿ ತೆರೆದೆ, ಬರಲಿಲ್ಲ. ಯಾಕೆ ಅಂದರೆ, ಇದನ್ನ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಡಾಕ್ಟರೊಬ್ಬರು ಒಂದು ಹಳೇ ಲೇಖನದ ಪುಟಸಂಖ್ಯೆ ಹುಡುಕಿಕೊಡು ಅಂದಿದ್ದರು. ಆ ಸಂಪುಟ ಬೈಂಡಿಂಗ್‌ಗೆ ಹೋಗಿತ್ತು. ಇನ್ಯಾರದೋ ಲೇಖನದ ಕೊನೆಯಲ್ಲಿ ಇದ್ದದ್ದನ್ನೇ ಚೀಟಿಯಲ್ಲಿ ಗೀಚಿ ಕೊಟ್ಟೆ. "ಭಾರೀ ಚುರುಕಿದೀಯಪ್ಪ" ಅಂತ ರಾಮ್ ಅಂಡ್ ಕೋ ಸರ್ಕಲ್ಲಿಗೆ ಕರಕೊಂಡು ಹೋಗಿ ಬೆಣ್ಣೆ ದೋಸೆ ಕೊಡಿಸಿದರು. ತಿಂಗಳಾದ ಮೇಲೆ ಬೈಂಡ್ ಆಗಿ ಬಂದ ಸಂಪುಟ ತೆಗೆದು ನೋಡ್ತೀನಿ, ಪುಟ ಬೇರೆ! ಅಷ್ಟೊತ್ತಿಗೆ ಅವರ ಲೇಖನ ಅಚ್ಚಿಗೆ ಹೋಗಿತ್ತು. ನನ್ನ ತಪ್ಪು ಇವತ್ತಿಗೂ ಅಲ್ಲೇ ಇದೆ. ಎಷ್ಟು ಜನ ಅದನ್ನ ನಕಲು ಹೊಡೆದಿದ್ದಾರೋ, ಹುಡುಕೋ ಧೈರ್ಯ ನನಗಿಲ್ಲ.

17 ತೆಗೆದುಬಿಡಮ್ಮ ಅಂದೆ. ಸರಿ ಸರ್ ಅಂದಳು. ತೆಗೆದಳು ಕೂಡ. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೀತು. ಒಟ್ಟು 32 ಇವೆ, ನಂಬರೆಲ್ಲ ಕೈಯಲ್ಲಿ ಹಾಕಿದ್ದು. 18 ಈಗ 17 ಆಗಬೇಕು, 19 ಹೋಗಿ 18. ಹಿಂದೆ ಪಟ್ಟಿಯಲ್ಲಿ, ಮುಂದೆ ಲೇಖನದಲ್ಲಿ, ಟೇಬಲ್ಲಿನ ಅಡಿಯಲ್ಲಿ, ಎಲ್ಲ ಕಡೆ. ಅಷ್ಟರಲ್ಲಿ ವಾರ್ಡಿನಿಂದ ಫೋನು ಬಂತು, ಲ್ಯಾಪ್‌ಟಾಪ್ ನನ್ನ ಮೇಜಿನ ಮೇಲೇ ಬಿಟ್ಟು ಓಡಿದಳು.

ಈಗ ಒಂಬತ್ತೂವರೆ. ಮನೆಯಿಂದ ಎರಡು ಸಲ ಫೋನ್ ಬಂದಿದೆ. 26ಕ್ಕೆ ಬಂದಿದ್ದೀನಿ.