ದಿನನಿತ್ಯದ ಓಡಾಟಕ್ಕೆ ಚಿಕ್ಕ ಹೈಬ್ರಿಡ್ ಕಾರು ಸರಿಯಾ?

ಪರ: ಸಿಗ್ನಲ್ಲಿನಲ್ಲಿ ನಿಂತು ದುಡ್ಡು ಸುಡುವುದು ಸಾಕು

ನಾನು ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಹೋಗಿ ಬರುವವಳು. ಹೋಗೋದು 25 ಕಿ.ಮೀ., ಬರೋದು 25 ಕಿ.ಮೀ. ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್, ಆಮೇಲೆ ಹೊಸೂರು ರಸ್ತೆ. ಈ ದಾರಿ ಕಂಡವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಒಂದೂಕಾಲು ಗಂಟೆ. ಸಂಜೆ ಮಳೆ ಬಂದರೆ ಎರಡು ಗಂಟೆ. ಅಷ್ಟು ಹೊತ್ತಿನಲ್ಲಿ ಕಾರು ಸರಿಯಾಗಿ ಓಡುವುದು ಅರ್ಧ ಮಾತ್ರ. ಉಳಿದರ್ಧ ನಿಂತಿರುತ್ತದೆ, ಇಲ್ಲವೇ ತೆವಳುತ್ತಿರುತ್ತದೆ.

ಪೆಟ್ರೋಲ್ ಇಂಜಿನ್ನಿಗೆ ಈ ತೆವಳಾಟ ಆಗಿಬರುವುದಿಲ್ಲ. ಅದು ಒಂದೇ ವೇಗದಲ್ಲಿ ಓಡುವಾಗ ಹದವಾಗಿ ಕುಡಿಯುತ್ತದೆ, ನಿಂತು ನಿಂತು ಹೊರಡುವಾಗ ಬಕಾಸುರನ ಹಾಗೆ ಕುಡಿಯುತ್ತದೆ. ಪೆಟ್ರೋಲ್ ಇಂಜಿನ್ ಜೊತೆಗೆ ಕರೆಂಟಿನ ಮೋಟಾರೂ ಇರುವ ಹೈಬ್ರಿಡ್ ಕಾರು ಇಲ್ಲೇ ಬೇರೆ. ಸಿಗ್ನಲ್ ಹತ್ತಿರ ನಿಧಾನ ಮಾಡಿದ ಕೂಡಲೇ ಇಂಜಿನ್ ಆಫ್ ಆಗುತ್ತದೆ. ಬ್ರೇಕ್ ಒತ್ತಿದಾಗ ಬೇರೆ ಕಾರಿನಲ್ಲಿ ಸುಮ್ನೆ ಬಿಸಿಯಾಗಿ ಹೋಗುವ ಶಕ್ತಿ ಇದರಲ್ಲಿ ಕರೆಂಟಾಗಿ ಬ್ಯಾಟರಿ ಸೇರುತ್ತದೆ. ಮತ್ತೆ ಹೊರಡುವಾಗ ಅದೇ ಕರೆಂಟಿನಲ್ಲಿ ಮೋಟಾರು ಕಾರನ್ನು ಎಳೆಯುತ್ತದೆ. ಹೆಚ್ಚು ವೇಗ ಬೇಕಾದಾಗ, ಇಲ್ಲವೇ ಬ್ಯಾಟರಿ ಇಳಿದಾಗ ಇಂಜಿನ್ ಬಂದು ಕೈ ಸೇರಿಸುತ್ತದೆ. ಎಸಿಯ ಕಂಪ್ರೆಸರ್ ಕೂಡ ಕರೆಂಟಿನಲ್ಲೇ ಓಡುವುದರಿಂದ ಇಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಬಿಟಿಎಂ ಹತ್ತಿರ ಇಪ್ಪತ್ತು ನಿಮಿಷ ನಿಂತು ನೋಡಿ, ಇದು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತಾಗುತ್ತದೆ.

ನಾನು ಬಂಕಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಟ್ಯಾಂಕ್ ಪೂರ್ತಿ ತುಂಬಿಸಿದ ದಿನದಿಂದ ಮತ್ತೆ ಪೂರ್ತಿ ತುಂಬಿಸುವ ದಿನದವರೆಗೆ ಎಷ್ಟು ಓಡಿತು, ಎಷ್ಟು ಲೀಟರ್ ಹಿಡಿಯಿತು, ಅಷ್ಟೇ. ಹಳೆಯ ಪೆಟ್ರೋಲ್ ಆಟೊಮ್ಯಾಟಿಕ್ ಇದೇ ದಾರಿಯಲ್ಲಿ ಲೀಟರಿಗೆ 11 ಕಿ.ಮೀ. ಕೊಡುತ್ತಿತ್ತು. ಈಗಿನ ಟೊಯೋಟಾ ಹೈರೈಡರ್ ಹೈಬ್ರಿಡ್ 21 ಕೊಡುತ್ತಿದೆ. ಕಂಪನಿಯವರು ಹೇಳುವ 27.97 ನನಗೆ ಯಾವತ್ತೂ ಸಿಕ್ಕಿಲ್ಲ, ಅದು ಪರೀಕ್ಷೆಯ ಲೆಕ್ಕ. 21 ಸಿಕ್ಕರೂ ನನಗೆ ಸಂತೋಷವೇ. ವರ್ಷಕ್ಕೆ ಆಫೀಸಿನ ಓಡಾಟವೇ 12,500 ಕಿ.ಮೀ. ಆಗುತ್ತದೆ. ಹಳೆಯ ಕಾರಿಗೆ 1,136 ಲೀಟರ್ ಬೇಕಿತ್ತು, ಇದಕ್ಕೆ 595 ಸಾಕು. ಉಳಿಯುವುದು 540 ಲೀಟರ್. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ. ವರ್ಷಕ್ಕೆ ಐವತ್ತೈದು ಸಾವಿರದ ಹತ್ತಿರ ಉಳಿತಾಯ. ನಾನು ಕೊಳ್ಳುವಾಗ ಅದೇ ಕಾರಿನ ಪೆಟ್ರೋಲ್ ಆಟೊಮ್ಯಾಟಿಕ್‌ಗೂ ಹೈಬ್ರಿಡ್‌ಗೂ ಬೆಲೆಯಲ್ಲಿ ಇದ್ದ ಅಂತರ ಸುಮಾರು 2 ಲಕ್ಷ. ನಾಲ್ಕು ವರ್ಷದೊಳಗೆ ಅದು ವಾಪಸ್ ಬರುತ್ತದೆ. ನಾನು ಕಾರು ಕೊಂಡರೆ ಹತ್ತು ವರ್ಷ ಇಟ್ಟುಕೊಳ್ಳುವವಳು. ದುಬಾರಿ ಅಂತ ಗೊಣಗುವವರೇ ಸನ್‌ರೂಫ್ ಇರುವ ಮಾಡೆಲ್ಲಿಗೆ ಕಣ್ಣು ಮುಚ್ಚಿ ಲಕ್ಷ ಜಾಸ್ತಿ ಕೊಡುತ್ತಾರೆ. ಸನ್‌ರೂಫ್ ಒಂದು ಲೀಟರನ್ನೂ ಉಳಿಸುವುದಿಲ್ಲ.

ಒಂದು ಮಾತು ಗಮನಿಸಿ. 'ಹೈಬ್ರಿಡ್' ಅಂತ ಬೋರ್ಡು ಹಾಕಿದ್ದೆಲ್ಲ ಹೈಬ್ರಿಡ್ ಅಲ್ಲ. ಮೈಲ್ಡ್ ಹೈಬ್ರಿಡ್ ಅಂತ ಮಾರುವುದರಲ್ಲಿ ಒಂದು ಸಣ್ಣ ಮೋಟಾರು ಇಂಜಿನ್ನಿಗೆ ಆಗಾಗ ಕೈ ಆಸರೆ ಕೊಡುತ್ತದೆ, ಅಷ್ಟೇ. ಬರೀ ಕರೆಂಟಿನಲ್ಲಿ ಆ ಕಾರು ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ನಾನು ಹೇಳುತ್ತಿರುವುದು ಬರೀ ಕರೆಂಟಿನಲ್ಲೂ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್. ಶೋರೂಮಿನಲ್ಲಿ 'ಇದು ಮೈಲ್ಡೋ, ಸ್ಟ್ರಾಂಗೋ?' ಅಂತ ಕೇಳದೆ ಮುಂಗಡ ಕೊಡಬೇಡಿ.

ಪೂರ್ತಿ ಎಲೆಕ್ಟ್ರಿಕ್ ಕೊಳ್ಳಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು ಹಳೆಯ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಹಾಕಿಸಲು ಸಂಘದವರು ಒಪ್ಪಲಿಲ್ಲ. ನನ್ನ ಹಾಗೆ ಎಷ್ಟು ಸಾವಿರ ಜನ ಇದ್ದಾರೋ! ಹೈಬ್ರಿಡ್‌ಗೆ ಪ್ಲಗ್ಗೇ ಬೇಡ. ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ.

ಬ್ಯಾಟರಿ ಕೆಟ್ಟರೆ ಎಂಬ ಭಯ ನನಗೂ ಇತ್ತು. ಆದರೆ ಇದರ ಬ್ಯಾಟರಿ 0.76 ಕಿಲೋವ್ಯಾಟ್ ಅವರ್ ಮಾತ್ರ, ಎಲೆಕ್ಟ್ರಿಕ್ ಕಾರಿನದ್ದರ ಪಕ್ಕದಲ್ಲಿ ಇಟ್ಟರೆ ಮಗುವಿದ್ದ ಹಾಗೆ. ಅದಕ್ಕೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಈ ತಂತ್ರ ನಿನ್ನೆ ಮೊನ್ನೆಯದಲ್ಲ. ಜಪಾನಿನಲ್ಲಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಮೊದಲು ರಸ್ತೆಗೆ ಇಳಿದದ್ದು 1997ರ ಡಿಸೆಂಬರಿನಲ್ಲಿ. ನಮ್ಮ ಬಿಡದಿಯಲ್ಲೇ 2013ರಿಂದ ಹೈಬ್ರಿಡ್ ಕ್ಯಾಮ್ರಿ ಜೋಡಿಸಲು ಶುರು ಮಾಡಿದರು. 2022ರಲ್ಲಿ ಬಂದ ಹೈರೈಡರ್ ಕೂಡ ಬಿಡದಿಯದೇ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸುವ ಊರಿನಲ್ಲಿ ಇಂಥ ಕಾರು ತಯಾರಾಗುತ್ತದೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆ.

ಇಷ್ಟೆಲ್ಲ ಲೆಕ್ಕ ಹೇಳಿದೆ. ಆದರೆ ನಾನು ಈ ಕಾರಿಗೆ ಮನಸೋತದ್ದು ಲೆಕ್ಕದಿಂದ ಅಲ್ಲ, ಅಮ್ಮನಿಂದ.

ನಮ್ಮ ಊರು ಬೆಳ್ತಂಗಡಿ ಹತ್ತಿರ. ಅಮ್ಮನಿಗೆ ಕಾರು ಅಂದರೆ ವಾಂತಿ. ಹಾಸನ ದಾಟುವಾಗಲೇ ಕೈಯಲ್ಲಿ ನಿಂಬೆಹಣ್ಣು ಬರುತ್ತದೆ, ಕೊಟ್ಟಿಗೆಹಾರ ಬಂದರೆ ಕಣ್ಣು ಮುಚ್ಚಿ ಕೂರುತ್ತಾರೆ, ಚಾರ್ಮಾಡಿಯ ತಿರುವುಗಳಲ್ಲಿ ಎರಡು ಸಲವಾದರೂ ಕಾರು ನಿಲ್ಲಿಸಲೇಬೇಕು. ಹೋದ ವರ್ಷ ನಾಗರ ಪಂಚಮಿಗೆ ಈ ಕಾರಿನಲ್ಲಿ ಕರೆದುಕೊಂಡು ಹೋದೆ. ಘಾಟಿ ಇಳಿಯಲು ಶುರು ಮಾಡಿದಾಗ ಗೇರನ್ನು 'ಬಿ'ಗೆ ಹಾಕಿದೆ. ಅದರಲ್ಲಿ ಕಾರು ತಾನೇ ತನ್ನನ್ನು ಹಿಡಿದುಕೊಂಡು ಇಳಿಯುತ್ತದೆ, ಬ್ರೇಕು ಪದೇ ಪದೇ ಒತ್ತಬೇಕಾಗಿಲ್ಲ. ಮಂಜು ಕವಿದಿತ್ತು. ಇಂಜಿನ್ ಸದ್ದಿಲ್ಲ. ಕಿಟಕಿ ಸ್ವಲ್ಪ ಇಳಿಸಿದ್ದರಿಂದ ರಸ್ತೆ ಪಕ್ಕದ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಮ್ಮ ಕಣ್ಣು ಬಿಟ್ಟು ಗಾಬರಿಯಿಂದ ಕೇಳಿದರು:

"ಎಂತದು ಮಾರಾಯ್ತಿ, ಇಂಜಿನ್ ಬಂದ್ ಮಾಡಿ ಇಳಿಸ್ತಾ ಇದ್ದೀಯಾ? ಪೆಟ್ರೋಲ್ ಉಳಿಸ್ಲಿಕ್ಕೆ ಹೋಗಿ ಎಲ್ಲರನ್ನೂ ಹೊಳೆಗೆ ಹಾಕ್ಬೇಡ."

ಇಲ್ಲಮ್ಮ, ಅದು ತಾನೇ ಬಂದ್ ಆಗಿದೆ, ಬ್ರೇಕು ಸ್ಟೇರಿಂಗು ಎಲ್ಲ ಸರಿ ಇದೆ ಅಂದೆ. ಅವರು ನಂಬಲಿಲ್ಲ. ಇನ್ನೂ ಸ್ವಲ್ಪ ಇಳಿದ ಮೇಲೆ ಬ್ಯಾಟರಿ ತುಂಬಿತು. ಆಗ ಕಾರು ಹೆಚ್ಚಿನ ಶಕ್ತಿ ಕಳೆಯಲು ಪೆಟ್ರೋಲ್ ಸುಡದೆಯೇ ಇಂಜಿನ್ನನ್ನು ಗುಂಯ್ ಅಂತ ತಿರುಗಿಸತೊಡಗಿತು. ಆ ಸದ್ದು ಕೇಳಿದ ಮೇಲೆ ಅಮ್ಮನಿಗೆ ಸಮಾಧಾನವಾಯಿತು. ಉಜಿರೆ ಬರುವಾಗ ನೋಡಿದರೆ ತಲೆ ವಾಲಿಸಿ ನಿದ್ದೆ ಹೋಗಿದ್ದರು. ನಿಂಬೆಹಣ್ಣು ಸೀಟಿನ ಕೆಳಗೆ ಉರುಳಿತ್ತು. ಅರವತ್ತೊಂಬತ್ತು ವರ್ಷದಲ್ಲಿ ಅವರು ಚಾರ್ಮಾಡಿಯಲ್ಲಿ ವಾಂತಿ ಮಾಡದೆ ಇಳಿದದ್ದು ಅದೇ ಮೊದಲು. ಗೇರು ಬದಲಾಗುವಾಗಿನ ಎಳೆತ ಇಲ್ಲ, ಅದುರುವಿಕೆ ಇಲ್ಲ. ಅದಕ್ಕೇ ಹೀಗಾಯಿತು ಅಂತ ನನ್ನ ನಂಬಿಕೆ. ಈಗ ಫೋನು ಮಾಡಿದಾಗಲೆಲ್ಲ "ಸದ್ದಿಲ್ಲದ ಕಾರು ತಗೊಂಡು ಯಾವಾಗ ಬರ್ತೀ?" ಅಂತ ಕೇಳುತ್ತಾರೆ.

ವಿರೋಧ: ಅರಸೀಕೆರೆಯಿಂದ ನೋಡಿದರೆ

ಬೇಡ ಅನ್ನುವ ಪಕ್ಷದಿಂದ ಬರೆಯಿರಿ ಅಂತ ನನ್ನನ್ನು ಕೇಳಿದರು. ಹೈಬ್ರಿಡ್ ಕೆಟ್ಟ ಕಾರು ಅಂತ ನಾನು ಹೇಳಲಾರೆ. ಬೆಂಗಳೂರಿನಲ್ಲಿ ದಿನಕ್ಕೆ ಐವತ್ತು ಕಿ.ಮೀ. ಓಡಿಸುವವನಾಗಿದ್ದರೆ ನಾನೂ ಯೋಚಿಸುತ್ತಿದ್ದೆನೇನೋ. ಆದರೆ ದಿನನಿತ್ಯ ಕಾರು ಓಡಿಸುವವರು ಅಂದರೆ ಬೆಂಗಳೂರಿನವರು ಮಾತ್ರ ಅಲ್ಲ. ನಮ್ಮಂಥ ಊರುಗಳಲ್ಲೂ ಇದ್ದೇವೆ.

ನನಗೆ ಬ್ಯಾಂಕಿಗೆ ಹೋಗಿ ಬರಲು 18 ಕಿ.ಮೀ. ದಾರಿಯಲ್ಲಿ ಒಂದೂ ಸಿಗ್ನಲ್ ಇಲ್ಲ. ಎಮ್ಮೆ ಅಡ್ಡ ಬಂದರೆ ಮಾತ್ರ ನಿಲ್ಲಿಸಬೇಕು. ವರ್ಷಕ್ಕೆ ಆರು ಸಾವಿರ ಕಿ.ಮೀ. ಓಡಿಸಿದರೆ ಹೆಚ್ಚು. ಇಂಥ ರಸ್ತೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 18 ಕೊಟ್ಟರೆ ಹೈಬ್ರಿಡ್ 24 ಕೊಡುತ್ತದೆ ಅಂತಿಟ್ಟುಕೊಳ್ಳಿ. ಒಂದಕ್ಕೆ 333 ಲೀಟರ್, ಇನ್ನೊಂದಕ್ಕೆ 250. ಉಳಿಯುವುದು 83 ಲೀಟರ್, ಅಂದರೆ ಎಂಟೂವರೆ ಸಾವಿರ ರೂಪಾಯಿ. ಹೆಚ್ಚು ಕೊಟ್ಟ 2 ಲಕ್ಷ ವಾಪಸ್ ಬರಲು ಇಪ್ಪತ್ಮೂರು ವರ್ಷ ಬೇಕು. ಅಷ್ಟು ಹೊತ್ತಿಗೆ ನಾನು ರಿಟೈರ್ ಆಗಿರುತ್ತೇನೆ. ಅದೇ 2 ಲಕ್ಷವನ್ನು ಶೇಕಡಾ 6ಕ್ಕೆ ಎಫ್‌ಡಿ ಇಟ್ಟರೂ ವರ್ಷಕ್ಕೆ 12 ಸಾವಿರ ಬಡ್ಡಿ ಬರುತ್ತದೆ. ಉಳಿತಾಯಕ್ಕಿಂತ ಬಡ್ಡಿಯೇ ಜಾಸ್ತಿ ಅಲ್ವಾ?

ಇನ್ನು 'ಚಿಕ್ಕ' ಎಂಬ ಮಾತು. ಈವರೆಗೆ ನಾನು ಕೇಳಿದ ಶೋರೂಮುಗಳಲ್ಲೆಲ್ಲ ತೋರಿಸಿದ್ದು 4 ಮೀಟರ್ ದಾಟಿದ ಹೈಬ್ರಿಡ್ ಕಾರನ್ನೇ. ಹೈರೈಡರ್ ಉದ್ದ 4.36 ಮೀಟರ್. ನಮ್ಮ ದೇಶದ ತೆರಿಗೆ ಲೆಕ್ಕದಲ್ಲಿ ಅದು ಚಿಕ್ಕ ಕಾರಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇಕಡಾ 18 ಆಯಿತು, ಇಂಥದ್ದಕ್ಕೆ ಶೇಕಡಾ 40. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಐದರಿಂದ ಹತ್ತು ಲಕ್ಷದ ಕಾರಿಗೆ ಶೇಕಡಾ 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇಕಡಾ 17. ಹದಿನೇಳೂವರೆ ಲಕ್ಷದ ಹೈಬ್ರಿಡ್‌ಗೆ ಆರ್‌ಟಿಒದಲ್ಲೇ ಮೂರು ಲಕ್ಷದ ಹತ್ತಿರ ಕಟ್ಟಬೇಕು. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತದೆ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟರು. ನಮಗೆ ಆ ಭಾಗ್ಯ ಸಿಕ್ಕಿಲ್ಲ. ಜಪಾನಿನಲ್ಲಿ ಆಕ್ವಾ ಎಂಬ ನಿಜವಾದ ಪುಟ್ಟ ಹೈಬ್ರಿಡ್ 2011ರಲ್ಲೇ ಬಂತು. ಅಂಥದ್ದು ಹತ್ತು ಲಕ್ಷದೊಳಗೆ ಇಲ್ಲಿಗೆ ಬಂದರೆ ನಾನು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ.

ಸಾಮಾನು ಇಡುವ ಡಿಕ್ಕಿಯ ವಿಷಯವನ್ನೂ ಹೇಳಬೇಕು. ಹೈರೈಡರ್‌ನ ಅವಳಿಯಂಥ ಮಾರುತಿ ಗ್ರ್ಯಾಂಡ್ ವಿಟಾರಾದ ಪೆಟ್ರೋಲ್ ಮಾಡೆಲ್ಲಿನಲ್ಲಿ 373 ಲೀಟರ್ ಜಾಗ ಇದ್ದರೆ ಹೈಬ್ರಿಡ್‌ನಲ್ಲಿ 265. ಬ್ಯಾಟರಿ ಆ ಜಾಗ ತಿನ್ನುತ್ತದೆ. ತೋಟದಿಂದ ಒಂದು ಚೀಲ ತೆಂಗಿನಕಾಯಿ ತರುವವರಿಗೆ ಇದು ಸಣ್ಣ ಮಾತಲ್ಲ. ಹೈಬ್ರಿಡ್ ಕೊಂಡವರು ಮೈಲೇಜ್ ಮೀಟರಿನ ಫೋಟೊ ಕಳಿಸುತ್ತಲೇ ಇರುತ್ತಾರೆ, ಡಿಕ್ಕಿಯ ಫೋಟೊ ಯಾರೂ ಕಳಿಸುವುದಿಲ್ಲ.

ರಿಪೇರಿಯ ಕಥೆ ನಮ್ಮ ಮನೆಯಲ್ಲೇ ನಡೆದದ್ದು. ನಮ್ಮ ಭಾವ ಒಂದು ಹೈಬ್ರಿಡ್ ಕೊಂಡಿದ್ದಾರೆ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಮಗಳ ಬಾಣಂತನಕ್ಕೆ ಅಂತ ಅಕ್ಕನ ಜೊತೆ ಪುಣೆಗೆ ಹೋಗಿ ಐದು ವಾರ ಇದ್ದರು. ಕಾರು ಮನೆ ಮುಂದೆ ನಿಂತಿತ್ತು. ವಾಪಸ್ ಬಂದು ಬಟನ್ ಒತ್ತಿದರೆ ದೀಪವೂ ಹತ್ತಲಿಲ್ಲ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಎಲ್ಲ ಕಾರಿನ ಹಾಗೆ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ.

ನಮ್ಮ ಊರಿನ ಮೆಕ್ಯಾನಿಕ್ ಇಪ್ಪತ್ತೈದು ವರ್ಷದಿಂದ ಎಲ್ಲರ ಕಾರು ನೋಡುವವನು. ಬಾನೆಟ್ ತೆಗೆದು ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಕಂಡ. ಎರಡು ಹೆಜ್ಜೆ ಹಿಂದೆ ಸರಿದ. "ಅಣ್ಣಾ, ಇದು ಹೈ ವೋಲ್ಟೇಜು. ನನಗೆ ಹೆಂಡ್ತಿ ಮಕ್ಳು ಇದಾರೆ" ಅಂದ. ಅವನದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ಕೊನೆಗೆ ಗಾಡಿ ಮೇಲೆ ಹೇರಿ ಹಾಸನಕ್ಕೆ, ನಲವತ್ತು ಚಿಲ್ಲರೆ ಕಿ.ಮೀ., ಕಳಿಸಬೇಕಾಯಿತು. ಅಲ್ಲಿ ಹತ್ತು ನಿಮಿಷದಲ್ಲಿ ಸರಿ ಮಾಡಿದರು. ಸಣ್ಣ ಬ್ಯಾಟರಿಗೆ ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟರು, ಅಷ್ಟೇ. ಆ ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ, ಗಾಡಿ ಬಾಡಿಗೆ, ಭಾವನ ಬಿಪಿ. ಕಾರು ಅಂದರೆ ಊರಿನಲ್ಲೇ ರಿಪೇರಿಯಾಗುವಂಥದ್ದು ಇರಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ.

ಈಗ ಭಾವ ಊರು ಬಿಟ್ಟು ಹೋಗುವಾಗ ಕೀಲಿ ನನ್ನ ಕೈಗೆ ಕೊಡುತ್ತಾರೆ. ವಾರಕ್ಕೊಂದು ಸಲ ತಿಪಟೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸುತ್ತೇನೆ. ಓಡಿಸಲು ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದು ನನ್ನ ವ್ಯಾಗನ್ ಆರ್‌ನಲ್ಲಿ ತೆಂಗಿನಕಾಯಿ ತರಲು ಹೋಗುತ್ತೇನೆ.