ಪೇಟೆ ಖಾಲಿಯಾದ ಮೇಲೆ ಇಂಟರ್ನ್‌ಶಿಪ್ ಯಾಕೆ?

ಉದ್ಯೋಗಕ್ಕೆ ಒದಗುವ ಪದವಿ ರೂಪಿಸಲು ಕೂತವರು ಮೊದಲು ಕೇಳುವುದು ‘ಯಾವ್ಯಾವ ಪೇಪರ್ ಇಡೋಣ?’ ಅಂತ. ಹಾವೇರಿ ಜಿಲ್ಲೆಯಲ್ಲಿ ಒಣಮೆಣಸಿನಕಾಯಿ ಸಂಸ್ಕರಣೆಯ ಬಿ.ವೋಕ್ (ಕೌಶಲ ಕಲಿಸುವ ಮೂರು ವರ್ಷದ ಪದವಿ) ಮಾಡುವುದಾದರೆ ಮೊದಲ ಪ್ರಶ್ನೆ ಬೇರೆ: ಬ್ಯಾಡಗಿ ಪೇಟೆಗೆ ಮಾಲು ಯಾವಾಗ ಬರುತ್ತದೆ?

ಜನವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರು. ಮಳೆ ಹಿಡಿಯುವ ಹೊತ್ತಿಗೆ ಉಳಿದ ಮಾಲು ಕೋಲ್ಡ್ ಸ್ಟೋರೇಜ್ ಸೇರಿರುತ್ತದೆ. ರೂಢಿಯಂತೆ ಪರೀಕ್ಷೆ ಮುಗಿಸಿ ಜೂನ್, ಜುಲೈನಲ್ಲಿ ಹುಡುಗರನ್ನು ಕಳಿಸಿದರೆ ಅವರಿಗೆ ಕಾಣುವುದು ಮಡಚಿಟ್ಟ ತಾಡಪತ್ರಿ. ಸರ್ಟಿಫಿಕೇಟೇನೋ ಸಿಗುತ್ತದೆ ಬಿಡಿ.

2014ರಲ್ಲಿ ಶುರುವಾದ ಯುಜಿಸಿ ಬಿ.ವೋಕ್ ಮಾದರಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್. 24 ಸಾಮಾನ್ಯ ಶಿಕ್ಷಣಕ್ಕೆ, 36 ಕೌಶಲಕ್ಕೆ. ಪಾಠ, ಪ್ರಯೋಗಕ್ಕೆ 15 ತಾಸಿಗೆ ಒಂದು ಕ್ರೆಡಿಟ್. ಇಂಟರ್ನ್‌ಶಿಪ್‌ಗೆ ಅರ್ಧ ತೂಕ, ಅಂದರೆ 30 ತಾಸಿಗೆ ಒಂದು ಕ್ರೆಡಿಟ್. 12 ಕ್ರೆಡಿಟ್ ಇಟ್ಟರೆ 360 ತಾಸು, ದಿನಕ್ಕೆ 8ರಂತೆ 45 ದಿನ. ಅದನ್ನು ಫೆಬ್ರವರಿ, ಮಾರ್ಚ್‌ಗೇ ಕೂರಿಸಬೇಕು. ಉಳಿದ ಸೀಸನ್‌ನಲ್ಲೂ ಟೆಂಡರ್ ನಡೆಯುವ ಸೋಮವಾರ, ಗುರುವಾರ ತರಗತಿ ಬೇಡ.

ಟೈಮ್‌ಟೇಬಲ್ಲಿನ ತೊಡಕು ಪ್ರಯೋಗಾಲಯದಲ್ಲೂ ಇದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಬಣ್ಣ ಅಳೆಯುವ ಆಸ್ಟಾ (ಅಮೆರಿಕದ ಮಸಾಲೆ ವ್ಯಾಪಾರ ಸಂಘದ) ವಿಧಾನದಲ್ಲಿ ಪುಡಿಯನ್ನು ಅಸಿಟೋನ್‌ನಲ್ಲಿ 16 ತಾಸು ಕತ್ತಲಲ್ಲಿಟ್ಟು, ಆಮೇಲೆ 460 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯಬೇಕು. ಎರಡು ತಾಸಿನ ಪ್ರಾಕ್ಟಿಕಲ್‌ನಲ್ಲಿ ಇದು ಮುಗಿಯುವ ಮಾತೇ? ಸಂಜೆ ನೆನೆಹಾಕಿ ಬೆಳಿಗ್ಗೆ ಓದುವಂತೆ ಎರಡು ಪಾಳಿ ಮಾಡದಿದ್ದರೆ ಹುಡುಗರು ಬೋರ್ಡಿನ ಮೇಲಿನ ಸಂಖ್ಯೆ ಬರೆದುಕೊಂಡು ಬರುತ್ತಾರೆ.

ಸ್ಯಾಂಪಲ್ ತೆಗೆಯುವುದಕ್ಕಂತೂ ಸಿಲೆಬಸ್ಸಿನಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ತೂಕ ಬರಲೆಂದು ನೀರು ಚಿಮುಕಿಸಿದ ಚೀಲ ಬಾಯಿ ಬಿಚ್ಚಿದಾಗ ಒಣಗಿಯೇ ಕಾಣುತ್ತದೆ, ಬೂಷ್ಟು ಒಳಗಿರುತ್ತದೆ. ತೇವ ಶೇ 11 ದಾಟಬಾರದು. ಬೂಷ್ಟು ಉಂಟುಮಾಡುವ ವಿಷ ಅಫ್ಲಾಟಾಕ್ಸಿನ್ ಲಾಟಿನಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಯಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಂದೇ ಚೀಲದ ಮೇಲಿನ ಹಿಡಿ ಕಾಯಿ ನೋಡಿ ಪಾಸ್ ಮಾಡಿದ ಲಾಟು ಯುರೋಪಿನ ಬಂದರಿನಲ್ಲಿ ತಿರಸ್ಕೃತವಾಗಬಹುದು. ಅಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಹಾಗಾಗಿ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳುವುದನ್ನು ಕೈಗೆ ಹತ್ತುವವರೆಗೆ ಮಾಡಿಸಬೇಕು.

ಅದೂ ಮೊದಲ ವರ್ಷದಲ್ಲೇ. ವರ್ಷ ಮುಗಿಸಿ ಡಿಪ್ಲೊಮಾ ಹಿಡಿದು ಹೊರಬೀಳಲು ಅವಕಾಶವಿದೆಯಲ್ಲ! ಥಿಯರಿಯನ್ನೆಲ್ಲ ಮೊದಲ ವರ್ಷಕ್ಕೆ ತುಂಬಿ ಕೆಲಸವನ್ನು ಮೂರನೆಯದಕ್ಕೆ ತಳ್ಳಿದರೆ ಹಾಗೆ ಹೊರಬಿದ್ದವರಿಗೆ ಏನೂ ಬಂದಿರುವುದಿಲ್ಲ. ಸ್ಯಾಂಪಲ್, ತೇವ, ಡಬ್ಬಿ–ಕಡ್ಡಿ (ದಪ್ಪ ಕಾಯಿ, ತೆಳು ಕಾಯಿ) ವಿಂಗಡಣೆ ಮೊದಲ ವರ್ಷ. ಬಣ್ಣದ ಪರೀಕ್ಷೆ, ಪುಡಿ ಘಟಕ ಎರಡನೆಯ ವರ್ಷ. ದಾಸ್ತಾನು, ಲೆಕ್ಕಪತ್ರ, ರಫ್ತು ಕಾಗದ ಮೂರನೆಯ ವರ್ಷ. ವಿಂಗಡಣೆ ಕಲಿಸಲು ಪಿಎಚ್‌ಡಿ ಆದವರನ್ನು ಹುಡುಕಬೇಡಿ, ಪೇಟೆಯಲ್ಲಿ ತುಂಬು (ಕಾಯಿಯ ತೊಟ್ಟು) ಬಿಡಿಸುವ ಹೆಣ್ಣುಮಕ್ಕಳನ್ನು ತಾಸಿನ ಗೌರವಧನ ಕೊಟ್ಟು ಕರೆಯಿರಿ.