ಪೈಥಾನ್ ಕಲಿಸಿದ್ದು ನನ್ನದೇ ಹಳೆಯ ಬರಹಗಳು

'ಪೈಥಾನ್ ಕೋರ್ಸ್ ಪೂರ್ತಿ ಮುಗಿಸಿದ್ದೇನೆ, ಆದರೆ ಸ್ವಂತವಾಗಿ ಒಂದು ಪ್ರೋಗ್ರಾಂ ಬರೆಯಲು ಕುಳಿತರೆ ಕೈ ಓಡುವುದಿಲ್ಲ, ಏನು ಮಾಡಲಿ?' ಎಂದು ಕಳೆದ ಕೆಲವು ತಿಂಗಳಲ್ಲಿ ಹಲವರು ನನಗೆ ಸಂದೇಶ ಕಳುಹಿಸಿ ಕೇಳಿದ್ದಾರೆ. ಒಬ್ಬೊಬ್ಬರಿಗೂ ಎರಡೆರಡು ಸಾಲಿನ ಉತ್ತರ ಬರೆದಿದ್ದೇನಾದರೂ ಅದರಿಂದ ನನಗೇ ಸಮಾಧಾನವಾಗಿಲ್ಲ. ಆದ್ದರಿಂದ ಈ ವಿಷಯದಲ್ಲಿ ನನಗೆ ಅನುಭವದಿಂದ ಮನವರಿಕೆಯಾಗಿರುವುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆ ಮೈಗೂಡಬೇಕಾದರೆ ನಿಮಗೆ ನಿಜವಾಗಿಯೂ ಬೇಕಾಗಿರುವ ಒಂದು ಸಣ್ಣ ಕೆಲಸವನ್ನು, ನಿಮ್ಮದೇ ಮಾಹಿತಿಯನ್ನು ಇಟ್ಟುಕೊಂಡು, ಕೊನೆಯವರೆಗೂ ಮಾಡಬೇಕು. ಬೇರೆಯವರು ಸಿದ್ಧಪಡಿಸಿಟ್ಟ ಪ್ರಾಜೆಕ್ಟನ್ನು ನೋಡಿಕೊಂಡು ಟೈಪ್ ಮಾಡುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರ ಸ್ಥಿತಿಯಲ್ಲಿ ನಾನೂ ಇದ್ದೆ. ತಿಂಗಳುಗಟ್ಟಲೆ ವಿಡಿಯೋ ಪಾಠಗಳ ಜೊತೆಜೊತೆಗೆ ಕೋಡ್ ಬರೆದಿದ್ದೆ. ಪ್ರತಿ ಅಭ್ಯಾಸದ ಉತ್ತರವೂ ಪರದೆಯ ಮೇಲಿನ ಉತ್ತರಕ್ಕೆ ತಾಳೆಯಾಗುತ್ತಿತ್ತು. ಹಾಗಿದ್ದರೂ ಒಂದು ದಿನ ಎಲ್ಲವನ್ನೂ ಮುಚ್ಚಿ ಖಾಲಿ ಫೈಲ್ ತೆರೆದಾಗ, ಮೊದಲ ಸಾಲಿನ ನಂತರ ಎರಡನೆಯ ಸಾಲು ಏನಿರಬೇಕು ಎಂಬುದೇ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ಕಾರಣ ತಿಳಿಯಿತು. ಅಭ್ಯಾಸಗಳಲ್ಲಿ ಏನು ಮಾಡಬೇಕು, ಯಾವುದರ ನಂತರ ಯಾವುದು, ಮಾಹಿತಿಯನ್ನು ಜೋಡಿಸಿಡಲು ಎಲ್ಲಿ ಲಿಸ್ಟ್ ಬೇಕು, ಎಲ್ಲಿ ಡಿಕ್ಷನರಿ ಬೇಕು ಎಂಬುದನ್ನೆಲ್ಲ ಬೋಧಕರು ಆಗಲೇ ತೀರ್ಮಾನಿಸಿ ಮುಗಿಸಿದ್ದರು. ನನ್ನ ಪಾಲಿಗೆ ಉಳಿದಿದ್ದು ಆ ತೀರ್ಮಾನಗಳನ್ನು ಸರಿಯಾದ ವ್ಯಾಕರಣದಲ್ಲಿ ಬರೆಯುವುದು ಮಾತ್ರ. ಒಂದು ಕೆಲಸವನ್ನು ಕೈಗೆ ಸಿಗುವಷ್ಟು ಚಿಕ್ಕ ತುಂಡುಗಳಾಗಿ ಒಡೆಯುವುದೇ ಪ್ರೋಗ್ರಾಮಿಂಗ್‌ನ ಮುಕ್ಕಾಲು ಪಾಲು; ಅದನ್ನು ನಾನು ಒಮ್ಮೆಯೂ ಮಾಡಿರಲಿಲ್ಲ.

ನನಗೆ ದಾರಿ ತೋರಿಸಿದ್ದು ಬಹಳ ಸಾಮಾನ್ಯವಾದ ಒಂದು ಕುತೂಹಲ. ಹಲವು ವರ್ಷಗಳಿಂದ ಬರೆದ ಕನ್ನಡ ಬರಹಗಳನ್ನು ನಾನು ಒಂದೊಂದನ್ನು ಒಂದೊಂದು ಟೆಕ್ಸ್ಟ್ ಫೈಲ್‌ನಲ್ಲಿ ಉಳಿಸಿಕೊಂಡಿದ್ದೆ. ಕೆಲವು ಪದಗಳನ್ನು ಮಿತಿಮೀರಿ ಬಳಸುತ್ತಿದ್ದೇನೆ ಎಂಬ ಅನುಮಾನ ಮೊದಲಿನಿಂದಲೂ ಇತ್ತು. 'ಬಹುಶಃ' ಎಂಬ ಪದದ ಮೇಲಂತೂ ಖಚಿತ ಗುಮಾನಿ. ಎಲ್ಲ ಫೈಲ್‌ಗಳನ್ನೂ ಓದಿ, ಯಾವ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ, ಹೆಚ್ಚಿನಿಂದ ಕಡಿಮೆಗೆ ಪಟ್ಟಿ ಮಾಡುವ ಪ್ರೋಗ್ರಾಂ ಬರೆಯೋಣ ಎಂದುಕೊಂಡೆ. ಪಾಠಗಳಲ್ಲಿ ಇದೇ ಅಭ್ಯಾಸವನ್ನು ಇಂಗ್ಲಿಷ್ ವಾಕ್ಯವೊಂದನ್ನು ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ನನ್ನ ಬರಹಗಳ ಮೇಲೆ ಅದೇ ಕೆಲಸಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಕಲಿತಷ್ಟನ್ನು ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ಕಲಿತಿರಲಿಲ್ಲ.

ಮೊದಲ ದಿನ ಫೈಲ್ ತೆರೆಯುವಲ್ಲಿಯೇ ಎರರ್ ಬಂತು. ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ಯಾವುದೆಂದು ಹೇಳದೆ ಫೈಲ್ ತೆರೆದರೆ ಪೈಥಾನ್ ಆ ಕಂಪ್ಯೂಟರ್‌ನ ಡೀಫಾಲ್ಟ್ ಎನ್‌ಕೋಡಿಂಗನ್ನೇ ಹಿಡಿಯುತ್ತಿತ್ತು, ವಿಂಡೋಸ್‌ನಲ್ಲಿ ಅದು ನನ್ನ ಫೈಲ್‌ಗಳಿದ್ದ ಯುಟಿಎಫ್-8 ಎಂಬ ಪದ್ಧತಿ ಆಗಿರಲಿಲ್ಲ. ಕನ್ನಡದ ಅಕ್ಷರಗಳು ಕಂಪ್ಯೂಟರ್‌ನಲ್ಲಿ ಹೇಗೆ ಕುಳಿತಿರುತ್ತವೆ ಎಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. 'ಕನ್ನಡ' ಎಂಬ ಪದವನ್ನು ನಾವು ಓದುವಾಗ ಮೂರು ಅಕ್ಷರ. ಪೈಥಾನ್‌ಗೆ ಅದರ ಉದ್ದ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ) 'ನ್ನ' ಎಂಬುದು ನ, ಹಲಂತ ಚಿಹ್ನೆ, ಮತ್ತೊಂದು ನ ಎಂದು ಮೂರು ಸಂಕೇತಗಳಾಗಿ ಇರುತ್ತದೆ. ಅದೇ ಪದವನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಒಂದೊಂದು ಸಂಕೇತಕ್ಕೆ 3 ಬೈಟ್‌ನಂತೆ 15 ಬೈಟ್ ಆಗುತ್ತದೆ. ಒಂದೇ ಪದಕ್ಕೆ 3, 5, 15 ಎಂಬ ಮೂರು ಉದ್ದಗಳಿವೆ, ಯಾವುದು ಬೇಕು ಎಂಬುದನ್ನು ಬರೆಯುವವನೇ ಹೇಳಬೇಕು ಎಂದು ತಿಳಿದಾಗ, ಸ್ಟ್ರಿಂಗ್ (ಪೈಥಾನ್‌ನಲ್ಲಿ ಪಠ್ಯ) ಮತ್ತು ಬೈಟ್‌ಗಳ ವ್ಯತ್ಯಾಸ ಕುರಿತು ಹಿಂದೆ ಓದಿ ಮರೆತಿದ್ದ ಅಧ್ಯಾಯ ತಾನಾಗಿಯೇ ಅರ್ಥವಾಯಿತು.

ಫೈಲ್ ತೆರೆದ ಮೇಲೆ ಪದಗಳನ್ನು ಬಿಡಿಸುವ ಕೆಲಸ. ಖಾಲಿ ಜಾಗ ಇದ್ದಲ್ಲಿ ತುಂಡರಿಸಿದೆ. 'ಪುಸ್ತಕ', ಅಲ್ಪವಿರಾಮ ಅಂಟಿಕೊಂಡ 'ಪುಸ್ತಕ', ಪೂರ್ಣವಿರಾಮ ಅಂಟಿಕೊಂಡ 'ಪುಸ್ತಕ' ಇವು ಮೂರು ಬೇರೆ ಬೇರೆ ಪದಗಳಾಗಿ ಎಣಿಕೆಯಾದವು. ಇದಕ್ಕೆ ಪಠ್ಯದಲ್ಲಿ ನಮೂನೆಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಬೇಕೆಂದು ಓದಿದ್ದೆನಲ್ಲ ಎಂದು, ಪದದ ಅಕ್ಷರಗಳನ್ನು ಗುರುತಿಸಲು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ನಮೂನೆಯನ್ನು ಹಾಕಿ ರನ್ ಮಾಡಿದೆ. ಪಟ್ಟಿಯಲ್ಲಿ 'ಕನ್ನಡ' ಎಂಬ ಪದವೇ ಇರಲಿಲ್ಲ. ಅದರ ಬದಲು 'ಕನ' ಮತ್ತು 'ನಡ' ಎಂಬ ಎರಡು ತುಂಡುಗಳಿದ್ದವು. ಪೈಥಾನ್‌ನ ಆ ನಮೂನೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇವುಗಳನ್ನು ಮಾತ್ರ ಒಪ್ಪುತ್ತದೆ. ನಮ್ಮ ಹಲಂತವನ್ನೂ ಸ್ವರ ಚಿಹ್ನೆಗಳನ್ನೂ ಯೂನಿಕೋಡ್ 'ಅಕ್ಷರ' ಎಂಬ ವರ್ಗದಲ್ಲಿ ಇಡದೆ 'ಚಿಹ್ನೆ' ಎಂಬ ಬೇರೆ ವರ್ಗದಲ್ಲಿ ಇಟ್ಟಿದೆ. ಹೀಗಾಗಿ ಒತ್ತು ಬಂದಲ್ಲೆಲ್ಲ, ಗುಣಿತ ಬಂದಲ್ಲೆಲ್ಲ ಪದ ಕತ್ತರಿಸಿ ಬೀಳುತ್ತಿತ್ತು. ಇದನ್ನು ಕಂಡುಹಿಡಿಯಲು ನನಗೆ ಎರಡು ಸಂಜೆಗಳು ಬೇಕಾದವು. ಒಂದೊಂದೇ ಸಂಕೇತವನ್ನು ಪ್ರಿಂಟ್ ಮಾಡಿ, ಅದರ ಯೂನಿಕೋಡ್ ಹೆಸರನ್ನು ನೋಡಿ, ಎಲ್ಲಿ ತುಂಡಾಗುತ್ತಿದೆ ಎಂದು ಗುರುತಿಸಿದ ಆ ಎರಡು ಸಂಜೆಗಳೇ ನನಗೆ ದೋಷ ಹುಡುಕುವುದು ಎಂದರೆ ಏನೆಂದು ಕಲಿಸಿದವು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನೂ ನಮೂನೆಯಲ್ಲಿ ಸೇರಿಸಿದೆ, 'ಕನ್ನಡ' ಮರಳಿ ಬಂತು. ಆದರೆ 'ಫೇಸ್‌ಬುಕ್' ಎರಡು ಪದಗಳಾಗಿ ಒಡೆದಿತ್ತು. ಅದರ ನಡುವೆ 'ಸ್' ಮತ್ತು 'ಬು' ಒತ್ತಕ್ಷರವಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ, ಅದರ ಸ್ಥಾನ ಕನ್ನಡದ ಆ 128ರ ಹೊರಗಿದೆ. ಅದನ್ನೂ ಸೇರಿಸಿದೆ. ಆಗ 'ಬಸ್' ಎಂಬ ಪದ ಪಟ್ಟಿಯಲ್ಲಿ ಎರಡು ಕಡೆ, ಎರಡು ಬೇರೆ ಸಂಖ್ಯೆಗಳೊಂದಿಗೆ ಕಾಣಿಸಿಕೊಂಡಿತು. ಎಷ್ಟು ದಿಟ್ಟಿಸಿ ನೋಡಿದರೂ ವ್ಯತ್ಯಾಸವಿಲ್ಲ. ನಾನು ಕೆಲವು ವರ್ಷ ಬಳಸಿದ್ದ ಟೈಪಿಂಗ್ ಸಾಧನವೊಂದು ಪದದ ಕೊನೆಯ ಅರ್ಧಾಕ್ಷರದ ನಂತರವೂ ಅದೇ ಕಾಣದ ಸಂಕೇತವನ್ನು ಹಾಕುತ್ತಿತ್ತು ಎಂಬುದು ಅಂದು ಗೊತ್ತಾಯಿತು. ಕಣ್ಣಿಗೆ ಒಂದೇ ಆಗಿ ಕಾಣುವುದು ಯಂತ್ರಕ್ಕೆ ಒಂದೇ ಆಗಿರಬೇಕಿಲ್ಲ ಎಂಬುದನ್ನು ನಾನು ಇನ್ನು ಮರೆಯುವಂತಿಲ್ಲ.

ಇಷ್ಟನ್ನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸಿದ್ಧ ಪ್ರಾಜೆಕ್ಟ್‌ಗಳಲ್ಲಿ ಇಂತಹ ಒಂದು ಅಡಚಣೆಯೂ ಎದುರಾಗುವುದಿಲ್ಲ. ದಾರಿಯ ಮುಳ್ಳನ್ನೆಲ್ಲ ಬೋಧಕರು ಮೊದಲೇ ಆರಿಸಿ ತೆಗೆದಿರುತ್ತಾರೆ. ಅದು ಅವರ ತಪ್ಪಲ್ಲ, ಒಂದು ಗಂಟೆಯ ಪಾಠದಲ್ಲಿ ಹಾಗಲ್ಲದೆ ಬೇರೆ ರೀತಿ ಸಾಧ್ಯವೂ ಇಲ್ಲ. ಆದರೆ ಕಲಿಯುವವರು ಇದನ್ನು ಅರಿತಿರಬೇಕು. ನೀವು ನೋಡಿ ಬರೆದ ಪ್ರಾಜೆಕ್ಟ್ ನಿಮ್ಮದಾಗಿದೆಯೇ ಎಂದು ತಿಳಿಯಲು ಅದರಲ್ಲಿ ಬೋಧಕರು ಹೇಳದ ಒಂದೇ ಒಂದು ಬದಲಾವಣೆಯನ್ನು ಮಾಡಿ ನೋಡಿ. ಕೆಲಸಗಳ ಪಟ್ಟಿ ಮಾಡುವ ಆ್ಯಪ್ ಆಗಿದ್ದರೆ, ಮುಗಿದ ಕೆಲಸವನ್ನು ಅಳಿಸುವ ಬದಲು ಮುಗಿದ ದಿನಾಂಕದೊಂದಿಗೆ ಬೇರೆ ಪಟ್ಟಿಗೆ ಸರಿಸುವಂತೆ ಮಾಡಿ. ಅಲ್ಲಿ ತಡವರಿಸಿದರೆ, ಕಲಿಕೆ ಆ ಜಾಗದಿಂದ ಆರಂಭವಾಗಬೇಕು ಎಂದರ್ಥ.

ಕೈಯಾರೆ ಮಾಡಿ ಕಲಿಯುವುದು ಹೊಸ ವಿಚಾರವೇನಲ್ಲ. 1967ರಲ್ಲಿ ಸೇಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಜೈಗ್ ಮತ್ತಿತರರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಅದರ ಗುರುತಾಗಿ ಬೆಳೆದದ್ದು ಹೇಳಿದಂತೆ ಚಲಿಸಿ ಗೆರೆ ಎಳೆಯುವ ಒಂದು ಆಮೆ. ಅದೇ ಆಮೆ ಇಂದಿಗೂ ಪೈಥಾನ್ ಜೊತೆಯಲ್ಲಿಯೇ ಬರುತ್ತದೆ. ಮುಂದೆ ಹೋಗಿ 90 ಡಿಗ್ರಿ ತಿರುಗು ಎಂದು ನಾಲ್ಕು ಬಾರಿ ಹೇಳಿದರೆ ಚೌಕ ಮೂಡುತ್ತದೆ. ಸಮಭುಜ ತ್ರಿಕೋನದ ಕೋನ 60 ಡಿಗ್ರಿ ಎಂದು ಪಾಠದಲ್ಲಿ ಓದಿದ ಮಗು ಮೂರು ಬಾರಿ 60 ಡಿಗ್ರಿ ತಿರುಗಿಸಿದರೆ ತ್ರಿಕೋನ ಮುಚ್ಚಿಕೊಳ್ಳುವುದಿಲ್ಲ, ಷಡ್ಭುಜದ ಅರ್ಧ ಮಾತ್ರ ಮೂಡುತ್ತದೆ. ಆಮೆಯ ಜಾಗದಲ್ಲಿ ತಾನೇ ನಿಂತು ನಡೆದು ನೋಡಿದಾಗ, ತಿರುಗಬೇಕಾದದ್ದು ಹೊರಗಿನ ಕೋನದಷ್ಟು, ಅಂದರೆ 120 ಡಿಗ್ರಿ ಎಂದು ಮಗುವಿಗೆ ತಿಳಿಯುತ್ತದೆ. ಮುಚ್ಚದೆ ಉಳಿದ ಆ ತ್ರಿಕೋನಕ್ಕೂ ನನ್ನ 'ಕನ' ಮತ್ತು 'ನಡ'ಗಳಿಗೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ.

ಯಾವ ಭಾಷೆಯಿಂದ ಆರಂಭಿಸಬೇಕು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. ನೀವು ಮಾಡಬೇಕೆಂದಿರುವ ಕೆಲಸಕ್ಕೆ ಒಗ್ಗುವ ಯಾವುದಾದರೂ ಆದೀತು. ಕೆಲಸದ ಗಾತ್ರದ ಬಗ್ಗೆ ಮಾತ್ರ ಎಚ್ಚರ ಬೇಕು. ಪದ ಎಣಿಸುವುದಕ್ಕೂ ಮೊದಲು ನಾನು ಪುಸ್ತಕಗಳ ವಿನಿಮಯಕ್ಕೆ ಒಂದು ಜಾಲತಾಣ ಕಟ್ಟಲು ಹೊರಟು, ಲಾಗಿನ್ ಪುಟದಲ್ಲಿಯೇ ನಿಂತುಹೋಗಿ, ಎರಡು ತಿಂಗಳ ನಂತರ ಕೈಬಿಟ್ಟಿದ್ದೆ. ಅರ್ಧಕ್ಕೆ ಬಿಟ್ಟ ಕೆಲಸ ಕಲಿಸುವುದಕ್ಕಿಂತ ಹೆಚ್ಚಾಗಿ ಕುಗ್ಗಿಸುತ್ತದೆ. ಮೊದಲ ವಾರದಲ್ಲಿಯೇ ಒರಟಾಗಿಯಾದರೂ ಒಂದು ಫಲಿತಾಂಶ ಕಾಣುವಂತಹ, ಆಮೇಲೆ ತಿದ್ದುತ್ತ ಹೋಗಬಹುದಾದಂತಹ ಕೆಲಸವನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಹಾಗೆಂದು ಪುಸ್ತಕ ಬೇಡ, ಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. ಲೂಪ್ ಎಂದರೇನು, ಫಂಕ್ಷನ್ ಎಂದರೇನು ಎಂದು ಗೊತ್ತಿಲ್ಲದೆ ಈ ಕೆಲಸಕ್ಕೆ ಇಳಿಯಲಾಗುತ್ತಿರಲಿಲ್ಲ. ಆದರೆ ಪುಸ್ತಕದ ಒಂದು ಸಾಲು ಎಷ್ಟು ತೂಕದ್ದು ಎಂಬುದು ಓದುವಾಗ ತಿಳಿಯುವುದಿಲ್ಲ. ಬರೆಯುವುದಕ್ಕಾಗಿ, ಅಂದರೆ 'ಡಬ್ಲ್ಯೂ' ಎಂದು ಕೊಟ್ಟು, ಒಂದು ಫೈಲನ್ನು ತೆರೆದರೆ ಅದರಲ್ಲಿ ಮೊದಲಿದ್ದುದೆಲ್ಲ ಆ ಕ್ಷಣವೇ ಅಳಿಸಿಹೋಗುತ್ತದೆ ಎಂಬುದನ್ನು ನಾನು ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಎಣಿಕೆಯ ಪಟ್ಟಿಯನ್ನು ಉಳಿಸುವಾಗ ಹೊಸ ಫೈಲ್‌ನ ಹೆಸರಿನ ಬದಲು ಮೂಲ ಬರಹದ ಹೆಸರು ಹಾಕಿ ರನ್ ಮಾಡಿದೆ. ಬೇರೆಲ್ಲೂ ಪ್ರತಿ ಇಲ್ಲದ, ಬಹಳ ಇಷ್ಟಪಟ್ಟು ಬರೆದಿದ್ದ ಒಂದು ಲೇಖನ ಹಾಗೆ ಹೋಯಿತು. ಅದರ ನೋವು ಇನ್ನೂ ಇದೆ. ಫೈಲ್‌ಗಳ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಎಂಬ ಸಾಧನವನ್ನು ಮರುದಿನವೇ ಕಲಿಯಲು ಕುಳಿತೆ, ಮೂಲ ಫೈಲ್‌ಗಳನ್ನು ಪ್ರೋಗ್ರಾಂ ಮುಟ್ಟದಂತೆ ಬೇರೆ ಫೋಲ್ಡರ್‌ಗೆ ಸರಿಸಿದೆ. ಗಿಟ್ ಕೂಡ ಒಂದು ನಿಜವಾದ ಅಗತ್ಯದಿಂದಲೇ ಹುಟ್ಟಿದ್ದು: ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನ ಕೆಲಸಕ್ಕೆ ಅಲ್ಲಿಯವರೆಗೆ ಬಳಸುತ್ತಿದ್ದ ಸಾಧನ ಉಚಿತವಾಗಿ ಸಿಗುವುದು ನಿಂತಾಗ, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆದರು.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಇಡೀ ಪ್ರೋಗ್ರಾಂ ಬರೆದುಕೊಡುವಾಗ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ನನಗೆ ಬೇಕಾಗಿದ್ದುದು ಪದಗಳ ಎಣಿಕೆ ಮಾತ್ರ ಆಗಿದ್ದರೆ ನಾನೂ ಅವುಗಳನ್ನೇ ಕೇಳುತ್ತಿದ್ದೆ. ಕಲಿಯಬೇಕೆಂದು ಹೊರಟವರು ಹಾಗೆ ಮಾಡಿದರೆ ಎಣಿಕೆ ಕೈಗೆ ಬರುತ್ತದೆ, ಅದು ತಪ್ಪಿದಾಗ ತಪ್ಪಿದೆ ಎಂದು ಗುರುತಿಸುವ ಕಣ್ಣು ಬರುವುದಿಲ್ಲ. ಈಗ ನಾನು ಅನುಸರಿಸುವ ಕ್ರಮ ಹೀಗಿದೆ: ಎರರ್ ಬಂದಾಗ ಅದರ ಕೊನೆಯ ಸಾಲನ್ನು ಮೊದಲು ಓದುತ್ತೇನೆ, ಅರ್ಧ ಗಂಟೆ ನಾನೇ ಹುಡುಕುತ್ತೇನೆ, ಆಮೇಲೂ ತಿಳಿಯದಿದ್ದರೆ ಅದರ ಅರ್ಥವನ್ನು ಕೇಳುತ್ತೇನೆ, ತಿದ್ದಿದ ಕೋಡನ್ನು ಕೇಳುವುದಿಲ್ಲ. ವಿವರಣೆ ಓದಿ ಆ ಕಿಟಕಿಯನ್ನು ಮುಚ್ಚಿ, ಕೋಡನ್ನು ನನ್ನ ಕೈಯಿಂದಲೇ ಬರೆಯುತ್ತೇನೆ.

ಪದ ಎಣಿಸುವ ಆ ಪ್ರೋಗ್ರಾಂ ಇನ್ನೂ ನನ್ನ ಬಳಿ ಇದೆ, ಈ ಬರಹವನ್ನೂ ಅದಕ್ಕೆ ಕೊಟ್ಟು ನೋಡಲಿದ್ದೇನೆ. 'ಬಹುಶಃ' ಕುರಿತ ಗುಮಾನಿ ನಿಜವಾಗಿತ್ತು. ಈಗ ಎದುರಿಗಿರುವ ತೊಡಕು ವಿಭಕ್ತಿ ಪ್ರತ್ಯಯಗಳದ್ದು. 'ಮನೆ', 'ಮನೆಗೆ', 'ಮನೆಯಲ್ಲಿ' ಇವು ಮೂರನ್ನೂ ಒಂದೇ ಪದವೆಂದು ಎಣಿಸಬೇಕೆಂದು, ಪದದ ಕೊನೆಯಲ್ಲಿ 'ಗೆ' ಇದ್ದರೆ ಅದನ್ನು ತೆಗೆಯುವಂತೆ ಒಂದು ಫಂಕ್ಷನ್ ಬರೆದೆ. 'ಮನೆಗೆ' ಸರಿಹೋಯಿತು, ಆದರೆ 'ಮಲ್ಲಿಗೆ' ಹೋಗಿ 'ಮಲ್ಲಿ' ಆಯಿತು, 'ಬೇಸಿಗೆ' ಹೋಗಿ 'ಬೇಸಿ' ಆಯಿತು. ಹಾಗೆ ಕತ್ತರಿಸಬಾರದ ಪದಗಳನ್ನು ಒಂದು ಬೇರೆ ಫೈಲ್‌ನಲ್ಲಿ ಬರೆದಿಡುತ್ತಿದ್ದೇನೆ; ನಿನ್ನೆಯ ರಾತ್ರಿಗೆ ಅದರಲ್ಲಿ 43 ಪದಗಳಾಗಿದ್ದವು, ಕೊನೆಯದು 'ಹಾಸಿಗೆ'.